ಸುಮ್ಮನೆ ಕುಳಿತ ಸ್ಪೀಕರ್

ಗಣೇಶನ ಮೆರವಣಿಗೆ ಬೀದಿಯ ತಿರುವಿಗೆ ಬಂದ ಕೂಡಲೇ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟ ಸ್ಟೀಲ್ ತಟ್ಟೆಗಳು ಗಿಲಿಗುಟ್ಟತೊಡಗುತ್ತವೆ. ಕಿವಿಗೊಟ್ಟು ಕೇಳಿದರೆ ಸದ್ದು ಮಾಡುತ್ತಿರುವುದು ಯಾವುದೋ ಒಂದೆರಡು ತಟ್ಟೆಗಳಷ್ಟೇ. ಅವೂ ಎಲ್ಲ ಹೊಡೆತಕ್ಕೂ ಬಾಯಿ ತೆರೆಯುವುದಿಲ್ಲ. ಲಾರಿಯ ಮೇಲಿನ ಸ್ಪೀಕರಿನಿಂದ ತಮಗೆ ಒಪ್ಪುವ ಸ್ವರ ಬಂದಾಗ ಮಾತ್ರ ಗಿಲಿಗಿಲಿ. ಸಂಗೀತ ಕಲಿಯುವವರ ಮನೆಯಲ್ಲಿ ಇದರದೇ ಸೊಗಸಾದ ರೂಪ ಸಿಗುತ್ತದೆ. ಗೋಡೆಗೆ ಒರಗಿಸಿಟ್ಟ ತಂಬೂರಿ, ಎದುರಿಗೆ ಕುಳಿತವರು ಗಟ್ಟಿಯಾಗಿ ಷಡ್ಜ ಹಿಡಿದು ನಿಲ್ಲಿಸಿದ ಮೇಲೂ ಮೆಲ್ಲಗೆ ಗುಂಯ್ ಎನ್ನುತ್ತಿರುತ್ತದೆ. ಅದನ್ನು ಯಾರೂ ಮೀಟಿರುವುದಿಲ್ಲ.

ಈಗ ಅದೇ ಕೋಣೆಯಲ್ಲಿ ತಂತಿ ಕಿತ್ತಿಟ್ಟ ಹಳೆಯ ಸ್ಪೀಕರೊಂದು ಇದೆ ಎಂದುಕೊಳ್ಳಿ. ಬಹಳ ಮನೆಗಳಲ್ಲಿ ಇರುತ್ತದೆ. ಹೋಮ್ ಥಿಯೇಟರ್ ಕೆಟ್ಟಿತು, ಡಬ್ಬಿ ಮಾತ್ರ ಚೆನ್ನಾಗಿದೆ, ಎಸೆಯಲು ಮನಸ್ಸಿಲ್ಲ. ಮುಂದಿನ ಬಟ್ಟೆಯ ಜಾಲರಿ ತೆಗೆದು ಅದರ ದೊಡ್ಡ ಕೋನ್ ಮೇಲೆ ಹಗುರವಾಗಿ ಬೆರಳ ತುದಿ ಇಡಿ. ಹೊಸ ಸೆಟ್ಟಿನಲ್ಲಿ ಬೇಸ್ ಜೋರಾಗಿರುವ ಹಾಡು ಹಾಕಿ. ಕೋನ್ ನಡುಗುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ, ತಟ್ಟೆಗಳ ಹಾಗೆ ಇದೂ ಕೆಲವು ಸ್ವರಗಳಿಗೆ ಹೆಚ್ಚು, ಕೆಲವಕ್ಕೆ ಏನೂ ಇಲ್ಲ.

ಕರೆಂಟಿಲ್ಲದ ಸ್ಪೀಕರ್ ಹೀಗೆ ಆಡುತ್ತಿದೆ ಎಂದ ಮೇಲೆ ಆ ಆಟಕ್ಕೆ ಬೇಕಾದ ಶಕ್ತಿ ಹಾಡಿನಿಂದಲೇ ಬರುತ್ತಿರಬೇಕು. ಹಾಗಾದರೆ ನಮ್ಮ ಕಿವಿಗೆ ಬರಬೇಕಾದ ಬೇಸ್‌ನಲ್ಲಿ ಅದು ಪಾಲು ಕೇಳುತ್ತಿದೆಯೇ? ಕೇಳಿದರೆ ಎಷ್ಟು?

ಗ್ಲಾಸ್ಗೋದಿಂದ ಎದ್ದ ಜಗಳ

ಈ ಪ್ರಶ್ನೆಯನ್ನು ಹೈಫೈ ಲೋಕದ ದೊಡ್ಡ ಜಗಳವಾಗಿಸಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐವರ್ ಟೀಫೆನ್‌ಬ್ರನ್. 1970ರ ದಶಕದಲ್ಲಿ ಲಿನ್ ಎಂಬ ಕಂಪನಿ ಕಟ್ಟಿ, ಸೊಂಡೆಕ್ ಎಲ್‌ಪಿ12 ಎಂಬ ಗ್ರಾಮಫೋನ್ ಟರ್ನ್‌ಟೇಬಲ್‌ನಿಂದ ಹೆಸರು ಮಾಡಿದವರು. ಆಗಿನ ಅಂಗಡಿಗಳಲ್ಲಿ ಒಂದು ಗೋಡೆ ತುಂಬ ಸ್ಪೀಕರುಗಳನ್ನು ಪೇರಿಸಿ, ಸ್ವಿಚ್ ಬೋರ್ಡಿನಿಂದ ಒಂದಾದ ಮೇಲೊಂದು ಜೋಡಿಯನ್ನು ಗಿರಾಕಿಗೆ ಕೇಳಿಸುವ ಪದ್ಧತಿಯಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಕಂಡವರಿಗೆ ಆ ನೋಟ ಹೊಸದಲ್ಲ. ಟೀಫೆನ್‌ಬ್ರನ್ ಇದನ್ನು ಒಪ್ಪಲಿಲ್ಲ. ನುಡಿಯುತ್ತಿರುವ ಜೋಡಿಯ ಹೊರತು ಬೇರೆ ಯಾವ ಸ್ಪೀಕರೂ ಕೋಣೆಯಲ್ಲಿ ಇರಬಾರದು, ಸುಮ್ಮನಿರುವ ಕೋನ್‌ಗಳು ಸಂಗೀತವನ್ನು ಕೆಡಿಸುತ್ತವೆ ಎಂದು ವಾದಿಸಿದರು. ಅವರ ಮಾತು ನಂಬಿದ ಅಂಗಡಿಗಳು ಒಂದೇ ಜೋಡಿ ಇಡುವ ಪ್ರತ್ಯೇಕ ಕೋಣೆಗಳನ್ನು ಮಾಡಿಕೊಂಡವು. ವಾದ ಬೆಳೆದೂ ಬೆಳೆದೂ, ಟೆಲಿಫೋನಿನೊಳಗೂ ಪುಟ್ಟ ಸ್ಪೀಕರ್ ಇದೆ, ಅದನ್ನೂ ಆಚೆ ಇಡಿ ಎನ್ನುವವರೆಗೆ ಹೋಯಿತು.

ನಕ್ಕವರು ಬಹಳ. ಪ್ರತಿಸ್ಪರ್ಧಿಗಳ ಮಾಲನ್ನು ಕೋಣೆಯಿಂದ ಹೊರಹಾಕುವ ವ್ಯಾಪಾರದ ಜಾಣತನ ಇದು ಎಂದರು. ಅದೂ ಪೂರ್ತಿ ಸುಳ್ಳಿರಲಾರದು. ಆದರೆ ವ್ಯಾಪಾರದ ಲಾಭವಿದೆ ಎಂಬ ಕಾರಣಕ್ಕೆ ಭೌತವಿಜ್ಞಾನ ಸುಳ್ಳಾಗುವುದಿಲ್ಲವಲ್ಲ. ಸ್ಪೀಕರನ್ನು ಬಿಚ್ಚಿ ನೋಡುವುದೇ ವಾಸಿ.

ಡಬ್ಬಿಯೊಳಗಿನ ಜೋಕಾಲಿ

ನಮ್ಮ ಮನೆಗಳ ಸ್ಪೀಕರಿನ ಮೂಲ ವಿನ್ಯಾಸ ನೂರು ವರ್ಷ ಹಳೆಯದು. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಪ್ರಕಟಿಸಿದ ಮಾದರಿ ಇಂದಿಗೂ ಹೆಚ್ಚು ಬದಲಾಗಿಲ್ಲ. ಅಯಸ್ಕಾಂತದ ಸಂದಿಯಲ್ಲಿ ತಾಮ್ರದ ತಂತಿಯ ಸುರುಳಿ. ಸುರುಳಿಗೆ ಅಂಟಿಸಿದ ಕಾಗದದ ಕೋನ್. ಕೋನ್‌ನ ಹೊರ ಅಂಚಿಗೆ ಮೆತ್ತನೆಯ ಉಂಗುರ, ಒಳ ಕತ್ತಿಗೆ ಸುಕ್ಕುಗಟ್ಟಿದ ಬಟ್ಟೆಯ ಬಿಲ್ಲೆ. ಇವೆರಡೂ ಸೇರಿ ಕೋನನ್ನು ನಡುವಿಗೆ ಎಳೆದು ಹಿಡಿಯುತ್ತವೆ.

ವಿದ್ಯುತ್ತಿನ ಮಾತು ಬಿಟ್ಟು ಬರೀ ಯಂತ್ರವೆಂದು ನೋಡಿದರೆ ಅಲ್ಲಿರುವುದು ಎರಡೇ: ಒಂದು ಭಾರ, ಒಂದು ಸ್ಪ್ರಿಂಗ್. ಬೇಸ್ ನುಡಿಸುವ 8 ಇಂಚಿನ ವೂಫರಿನಲ್ಲಿ ಅಲುಗಾಡುವ ಭಾಗ ಸುಮಾರು 30 ಗ್ರಾಂ ತೂಗುತ್ತದೆ. ಮುಚ್ಚಿದ ಡಬ್ಬಿಯಾದರೆ ಒಳಗೆ ಸಿಕ್ಕಿಕೊಂಡ ಗಾಳಿಯೂ ಸ್ಪ್ರಿಂಗಿನ ಜೊತೆ ಸೇರಿಕೊಳ್ಳುತ್ತದೆ. ಭಾರವೂ ಸ್ಪ್ರಿಂಗೂ ಇದ್ದಲ್ಲಿ ತನ್ನದೇ ಆದ ಒಂದು ತೂಗುವ ಲಯ ಇದ್ದೇ ಇರುತ್ತದೆ. ಅದನ್ನು ಸ್ಪೀಕರಿನ ನಿಜಶ್ರುತಿ ಎಂದು ಕರೆಯೋಣ. ವೂಫರುಗಳಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ 30ರಿಂದ 80 ಕಂಪನ, ಅಂದರೆ 30ರಿಂದ 80 ಹರ್ಟ್ಸ್. ಸರಿಯಾಗಿ ಬೇಸ್ ಇರುವ ಜಾಗ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ.

ನಾಗರಪಂಚಮಿಗೆ ಕಟ್ಟುವ ಜೋಕಾಲಿಯನ್ನು ನೆನೆಯಿರಿ. ಮಗು ಕುಳಿತ ಜೋಕಾಲಿಯನ್ನು ಒಂದೇ ಬೆರಳಿನಿಂದ ನೂಕಿಯೂ ಎತ್ತರಕ್ಕೆ ಏರಿಸಬಹುದು, ಅದು ಹಿಂದಕ್ಕೆ ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ನೂಕಬೇಕು ಅಷ್ಟೆ. ಹೊತ್ತು ತಪ್ಪಿ ನೂಕಿದರೆ ಎಷ್ಟೇ ಬಲ ಹಾಕಿದರೂ ಜೋಕಾಲಿ ತಡವರಿಸುತ್ತದೆ. ಕೋಣೆಯ ಗಾಳಿ ಕೋನನ್ನು ನೂಕುವುದೂ ಹೀಗೆ. ಬೇಸ್ ಸ್ವರವೆಂದರೆ ಕೋಣೆಯ ಗಾಳಿಯ ಒತ್ತಡ ಸೆಕೆಂಡಿಗೆ ಕೆಲವು ಹತ್ತು ಸಲ ಏರಿ ಇಳಿಯುವುದು. ಆ ಏರಿಳಿತದ ಲಯ ಕೋನ್‌ನ ನಿಜಶ್ರುತಿಗೆ ಹೊಂದಿದರೆ ಪ್ರತಿ ನೂಕೂ ಹಿಂದಿನದಕ್ಕೆ ಕೂಡುತ್ತ ಹೋಗಿ ಕೋನ್ ಬೆರಳಿಗೆ ತಿಳಿಯುವಷ್ಟು ತೂಗುತ್ತದೆ. ಹೊಂದದಿದ್ದರೆ ಒಂದು ನೂಕು ಇನ್ನೊಂದನ್ನು ಅಳಿಸುತ್ತದೆ. ಇದೇ ಅನುರಣನೆ. ತಟ್ಟೆ, ತಂಬೂರಿಗಳ ಗುಟ್ಟೂ ಇಷ್ಟೇ.

ನುಂಗುವುದು, ಉಗುಳುವುದು

ತೂಗತೊಡಗಿದ ಕೋನ್ ಪಡೆದ ಶಕ್ತಿಯನ್ನು ಏನು ಮಾಡುತ್ತದೆ? ಅದಕ್ಕೆ ಎರಡು ದಾರಿಗಳಿವೆ. ರಬ್ಬರು, ಬಟ್ಟೆಗಳ ಒಳತಿಕ್ಕಾಟದಲ್ಲಿ ಒಂದಷ್ಟು ಶಾಖವಾಗಿ ಹೋಗುತ್ತದೆ. ಅದು ಮರಳಿ ಬರುವುದಿಲ್ಲ, ಕೋಣೆಯ ಪಾಲಿಗೆ ನಷ್ಟ. ಇನ್ನೊಂದಷ್ಟು, ಕೋನ್ ಗಾಳಿಯನ್ನು ತಿರುಗಿ ತಳ್ಳುವುದರಿಂದ ಸದ್ದಾಗಿಯೇ ಹೊರಬರುತ್ತದೆ. ಮೊದಲನೆಯದು ನುಂಗಿದ್ದು, ಎರಡನೆಯದು ಉಗುಳಿದ್ದು.

ಉಗುಳುವ ಸದ್ದು ಮೂಲ ಸದ್ದಿನ ಜೊತೆ ಹೆಜ್ಜೆ ಹಾಕುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ನಿಜಶ್ರುತಿಗಿಂತ ಕೆಳಗಿನ ಸ್ವರಕ್ಕೆ ಕೋನ್ ಒತ್ತಡಕ್ಕೆ ಮಣಿಯುವ ಮೆತ್ತನೆ ಗೋಡೆಯಂತೆ ವರ್ತಿಸಿದರೆ, ಮೇಲಿನ ಸ್ವರಕ್ಕೆ ಒತ್ತಡ ಏರುವಾಗ ತಾನು ಮುಂದಕ್ಕೆ ಬಂದು ಎದುರು ನಿಲ್ಲುತ್ತದೆ. ನಡುವೆ, ಸರಿಯಾಗಿ ನಿಜಶ್ರುತಿಯಲ್ಲಿ, ಅತಿ ಹೆಚ್ಚು ನುಂಗುತ್ತದೆ.

ತೈಪೆ 101 ಎಂಬ 508 ಮೀಟರ್ ಎತ್ತರದ ಕಟ್ಟಡದ ಮೇಲ್ಭಾಗದಲ್ಲಿ 660 ಟನ್ನಿನ ಉಕ್ಕಿನ ಗೋಲವನ್ನು ಇದೇ ಕಾರಣಕ್ಕೆ ತೂಗುಹಾಕಿದ್ದಾರೆ. ಕಟ್ಟಡ ಗಾಳಿಗೆ ಓಲಾಡುವ ಲಯಕ್ಕೆ ಗೋಲದ ಲಯವನ್ನು ಹೊಂದಿಸಿದ್ದಾರೆ. ಕಟ್ಟಡ ಓಲಿದರೆ ಗೋಲ ಹಿಂದೆ ಬಿದ್ದು ಓಲುತ್ತ ಅದರ ಶಕ್ತಿಯನ್ನು ಕಸಿದು ಎಣ್ಣೆ ತುಂಬಿದ ಕೊಳವೆಗಳಲ್ಲಿ ಶಾಖವಾಗಿ ಕಳೆಯುತ್ತದೆ. ಕೋಣೆಯ ಮೂಲೆಯಲ್ಲಿ ಕುಳಿತ ಸ್ಪೀಕರ್ ಆ ಗೋಲದ 30 ಗ್ರಾಂ ತೂಕದ ತಮ್ಮ. ಆದರೆ ತಮ್ಮನ ಶ್ರುತಿಯನ್ನು ಯಾರೂ ಕೋಣೆಗೆ ಹೊಂದಿಸಿಲ್ಲ.

ಕೋಣೆಗೂ ಒಂದು ಶ್ರುತಿ

ಕೋಣೆಯ ಗಾಳಿ ತಾನೇ ಒಂದು ವಾದ್ಯ. ನಮ್ಮ ಸೆಖೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 347 ಮೀಟರ್ ಓಡುತ್ತದೆ. 47 ಹರ್ಟ್ಸ್ ಸ್ವರದ ಒಂದು ಅಲೆ 7.4 ಮೀಟರಿನಷ್ಟು ಉದ್ದ, ಅರ್ಧ ಅಲೆ 12 ಅಡಿ. 12 ಅಡಿಗೆ 10 ಅಡಿಯ ಕೋಣೆಯಲ್ಲಿ ಈ ಅರ್ಧ ಅಲೆ ಗೋಡೆಯಿಂದ ಗೋಡೆಗೆ ಅಳತೆ ತೆಗೆದಂತೆ ಕೂರುತ್ತದೆ. ಒಂದು ಗೋಡೆಗೆ ಬಡಿದು ಮರಳಿದ ಅಲೆ ಹೊಸದಾಗಿ ಬರುವ ಅಲೆಗೆ ಜೋಡಿಯಾಗಿ ಸ್ವರ ಉಬ್ಬುತ್ತದೆ. 10 ಅಡಿಯ ದಿಕ್ಕಿನಲ್ಲಿ ಇದೇ ಉಬ್ಬು 57 ಹರ್ಟ್ಸ್‌ಗೆ ಬರುತ್ತದೆ. ಚಾವಣಿಯೂ 10 ಅಡಿ ಎತ್ತರವಿದ್ದರೆ ಅಲ್ಲಿ ಉಬ್ಬಿನ ಮೇಲೆ ಉಬ್ಬು. ಕೆಲವು ಮನೆಗಳಲ್ಲಿ ಯಾವುದೋ ಒಂದು ಬೇಸ್ ಸ್ವರ ಮಾತ್ರ ಧುಮ್ಮೆಂದು ತುಂಬಿ, ಪಕ್ಕದ ಸ್ವರ ಸೊರಗಿದಂತೆ ಕೇಳುವುದಕ್ಕೆ ಹಾಡನ್ನು ಬೈಯಬೇಕಾಗಿಲ್ಲ.

ಇಂಥ ನಿಂತ ಅಲೆಯಲ್ಲಿ ಒತ್ತಡದ ಏರಿಳಿತ ಗೋಡೆಯ ಬಳಿ ಅತಿ ಹೆಚ್ಚು, ಮೂಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು. ನಡುಕೋಣೆಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಕೋನನ್ನು ನೂಕುವುದು ಒತ್ತಡವಾದ್ದರಿಂದ ಮೂಲೆಗೆ ತಳ್ಳಿದ ಹಳೆಯ ಸ್ಪೀಕರ್ ಅತಿ ಚುರುಕಾಗಿರುತ್ತದೆ. ಅದೇ ಸ್ಪೀಕರನ್ನು ನಡುಕೋಣೆಯ ಟೀಪಾಯಿಯ ಮೇಲಿಟ್ಟರೆ ಅದೇ ಸ್ವರಕ್ಕೆ ಕಲ್ಲಿನಂತೆ ಕೂರುತ್ತದೆ. ಬೆರಳಿಟ್ಟು ಪರೀಕ್ಷಿಸಬಹುದಾದ ಮಾತು ಇದು.

ಹೆಂಚಿನ ಮನೆಯವರಿಗೆ ಈ ತೊಂದರೆ ಕಡಿಮೆ. ಹೆಂಚಿನ ಸಂದಿಗಳಿಂದ, ಮಾಡಿನ ಕೆಳಗಿನ ತೆರೆದ ಜಾಗದಿಂದ ಬೇಸ್ ಆಚೆ ಸೋರಿಹೋಗುತ್ತದೆ. ಆರ್‌ಸಿಸಿ ಚಾವಣಿ, ಸಿಮೆಂಟಿನ ಗೋಡೆ, ನೆಲಕ್ಕೆ ಟೈಲ್ಸ್ ಇರುವ ಪೇಟೆಯ ಮನೆಯಲ್ಲಿ ಅದಕ್ಕೆ ಓಡಿಹೋಗಲು ದಾರಿಯಿಲ್ಲ.

ಎರಡು ತುದಿಗೆ ಒಂದು ತಂತಿ

ಇಲ್ಲಿಯವರೆಗೆ ವಿದ್ಯುತ್ತನ್ನು ಮರೆತಿದ್ದೆವು. ಈಗ ಅದನ್ನು ಕರೆತರಬೇಕು, ಏಕೆಂದರೆ ಇಡೀ ಕಥೆಯ ಚಂದದ ತಿರುವು ಅದರಲ್ಲಿದೆ.

ಆಂಪ್ಲಿಫೈಯರ್‌ನಿಂದ ಪೂರ್ತಿ ಬಿಚ್ಚಿದ ಸ್ಪೀಕರನ್ನು ತೆಗೆದುಕೊಳ್ಳಿ. ವೂಫರಿನ ಕೋನನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಧುಂ ಎಂದು ತುಸು ಎಳೆದ ಸದ್ದು ಬರುತ್ತದೆ. ಈಗ ಹಿಂಬದಿಯ ಕೆಂಪು, ಕಪ್ಪು ಟರ್ಮಿನಲ್‌ಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ ಮತ್ತೆ ತಟ್ಟಿ. ಟಪ್. ಸದ್ದು ಹುಟ್ಟಿದಲ್ಲೇ ಸಾಯುತ್ತದೆ. ಬ್ಯಾಟರಿಯಿಲ್ಲ, ಕರೆಂಟಿಲ್ಲ, ಬರೀ ಒಂದು ತಂತಿ. (ಆಂಪ್ಲಿಫೈಯರ್‌ಗೆ ಜೋಡಿಸಿರುವಾಗ ಈ ಪ್ರಯೋಗ ಮಾಡಿದರೆ ಸಾಯುವುದು ಆಂಪ್ಲಿಫೈಯರ್.)

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇಲ್ಲಿ ಕೆಲಸ ಮಾಡುತ್ತಿದೆ. ಅಯಸ್ಕಾಂತದ ಬಳಿ ತಂತಿಯ ಸುರುಳಿ ಅಲುಗಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಸ್ಪೀಕರನ್ನು ತಿರುವುಮುರುವು ಮಾಡಿದರೆ ಅದು ಮೈಕು. ಹಳೆಯ ಇಂಟರ್‌ಕಾಮ್‌ಗಳಲ್ಲಿ ಮಾತಾಡುವುದಕ್ಕೂ ಕೇಳುವುದಕ್ಕೂ ಒಂದೇ ಸ್ಪೀಕರ್ ಇರುತ್ತಿತ್ತು. 1966ರಲ್ಲಿ ಲಂಡನ್ನಿನ ಆಬಿ ರಸ್ತೆಯ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡದ ‘ಪೇಪರ್‌ಬ್ಯಾಕ್ ರೈಟರ್’ ಹಾಡಿಗೆ ಬೇಸ್ ಗಿಟಾರನ್ನು ಧ್ವನಿಮುದ್ರಿಸುವಾಗ ಎಂಜಿನಿಯರ್ ಜೆಫ್ ಎಮರಿಕ್ ಮೈಕಿನ ಬದಲು ಒಂದು ದೊಡ್ಡ ಸ್ಪೀಕರನ್ನೇ ಬಳಸಿದರು. ಬೇಸ್ ಹಿಡಿಯಲು ಅದರಷ್ಟು ದೊಡ್ಡ ಕಿವಿ ಬೇರೆ ಯಾವುದಕ್ಕಿದೆ?

ಟರ್ಮಿನಲ್‌ಗಳು ಬಿಡಿಯಾಗಿದ್ದರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿದರೂ ಕರೆಂಟು ಹರಿಯಲು ದಾರಿಯಿಲ್ಲ. ತಂತಿ ಜೋಡಿಸಿ ಶಾರ್ಟ್ ಮಾಡಿದರೆ ಕರೆಂಟು ಹರಿಯುತ್ತದೆ, ಮತ್ತು ಹರಿದ ಕರೆಂಟು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. ಕೋನ್‌ಗೆ ಬ್ರೇಕ್ ಬೀಳುತ್ತದೆ. ಈ ಬ್ರೇಕು ರಬ್ಬರು, ಬಟ್ಟೆಗಳ ತಿಕ್ಕಾಟಕ್ಕಿಂತ ಬಹಳ ಬಲವಾದದ್ದು, ಸಾಮಾನ್ಯ ವೂಫರುಗಳಲ್ಲಿ ಸುಮಾರು ಹತ್ತು ಪಟ್ಟು. ಇವೆರಡನ್ನೂ ಬೇರೆಬೇರೆಯಾಗಿ ಅಳೆದು ಸ್ಪೀಕರಿನ ಗುಣವನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಡುವ ಪದ್ಧತಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡಿತು: 1961ರಲ್ಲಿ ನೆವಿಲ್ ಥೀಲ್ ಆರಂಭಿಸಿದರು, 1970ರ ದಶಕದಲ್ಲಿ ಸಿಡ್ನಿಯಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದರು. ಇಂದು ಯಾವುದೇ ಒಳ್ಳೆಯ ವೂಫರ್ ಕೊಂಡರೂ ಜೊತೆಗೆ ಬರುವ ಚೀಟಿಯಲ್ಲಿ ಈ ಅಂಕಿಗಳಿರುತ್ತವೆ.

ಇದರ ಫಲ ವಿಚಿತ್ರ. ಆನ್ ಆಗಿದ್ದು ಹಾಡು ನುಡಿಸದೆ ಕುಳಿತ ಆಂಪ್ಲಿಫೈಯರ್ ಸ್ಪೀಕರಿನ ಕಣ್ಣಿಗೆ ಹೆಚ್ಚುಕಡಿಮೆ ಆ ಶಾರ್ಟ್ ತಂತಿಯೇ. ಅದೇ ಆಂಪ್ಲಿಫೈಯರನ್ನು ಆಫ್ ಮಾಡಿದಾಗ ಅನೇಕ ಮಾದರಿಗಳಲ್ಲಿ ಟಕ್ ಎಂದು ಒಳಗಿನ ರಿಲೇ ಬಿಟ್ಟುಕೊಂಡು ಸ್ಪೀಕರ್ ಬಿಡಿಯಾಗುತ್ತದೆ. ಅಂದರೆ ಆನ್ ಆಗಿ ಸುಮ್ಮನಿರುವ ಸ್ಪೀಕರ್ ಬಿಗಿಯಾಗಿರುತ್ತದೆ, ಆಫ್ ಆಗಿ ಸುಮ್ಮನಿರುವ ಸ್ಪೀಕರ್ ಸಡಿಲವಾಗಿ ತೂಗುತ್ತದೆ. ‘ಕರೆಂಟಿಲ್ಲದ ಸ್ಪೀಕರ್ ಏನು ಮಾಡುತ್ತದೆ’ ಎಂಬ ಜಗಳದಲ್ಲಿ ಇಬ್ಬರಿಗೆ ಬೇರೆಬೇರೆ ಉತ್ತರ ಸಿಕ್ಕರೆ, ಮೊದಲು ಕೇಳಬೇಕಾದ ಪ್ರಶ್ನೆ ತಂತಿಯ ಇನ್ನೊಂದು ತುದಿ ಎಲ್ಲಿತ್ತು ಎಂಬುದು.

ತೂತಿನ ಡಬ್ಬಿ

ಬಹಳಷ್ಟು ಸ್ಪೀಕರ್ ಡಬ್ಬಿಗಳಿಗೆ ಮುಂದೆಯೋ ಹಿಂದೆಯೋ ಒಂದು ದುಂಡನೆ ತೂತು ಇರುತ್ತದೆ. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ತುರಾಸ್ 1932ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ತೂತಿನ ಕೊಳವೆಯೊಳಗಿನ ಗಾಳಿ ಒಂದು ಬಿರಡೆಯ ಹಾಗೆ ಹಿಂದೆ ಮುಂದೆ ಆಡುತ್ತದೆ, ಡಬ್ಬಿಯ ಗಾಳಿ ಸ್ಪ್ರಿಂಗಾಗುತ್ತದೆ. ಮತ್ತೆ ಭಾರ, ಮತ್ತೆ ಸ್ಪ್ರಿಂಗ್. ಖಾಲಿ ಬಿಂದಿಗೆಯ ಬಾಯಿಗೆ ಕಿವಿಯಿಟ್ಟಾಗ ಕೇಳುವ ಮೊರೆತ ಇದೇ ಜಾತಿಯದು. ಜರ್ಮನಿಯ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಇಂಥ ಗುಂಡನೆಯ ಪಾತ್ರೆಗಳ ಸಾಲನ್ನೇ ಮಾಡಿಸಿ, ಒಂದೊಂದನ್ನೂ ಕಿವಿಗೆ ಹಚ್ಚಿ, ಒಂದು ನಾದದೊಳಗೆ ಯಾವ ಯಾವ ಸ್ವರಗಳಿವೆ ಎಂದು ಬಿಡಿಸಿ ನೋಡಿದರು. 1863ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ಬರೆದರು. ಅದಕ್ಕೂ ಬಹಳ ಹಿಂದೆ, ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುತಜ್ಞ ವಿಟ್ರೂವಿಯಸ್ ನಾಟಕಶಾಲೆಯ ಆಸನಗಳ ಕೆಳಗೆ ಕಂಚಿನ ಪಾತ್ರೆಗಳನ್ನು ಇಡುವ ಬಗ್ಗೆ ಬರೆದಿದ್ದ.

ಶಾರ್ಟ್ ತಂತಿಗೆ ಈ ತೂತು ಹೆದರುವುದಿಲ್ಲ. ಕೋನ್ ಬಿಗಿಯಾದರೆ ಡಬ್ಬಿ ಇನ್ನಷ್ಟು ಶುದ್ಧವಾದ ಹೆಲ್ಮ್‌ಹೋಲ್ಟ್ಸ್ ಪಾತ್ರೆಯಾಗಿಬಿಡುತ್ತದೆ. ತೂತಿನ ಸ್ಪೀಕರನ್ನು ನಿಜಕ್ಕೂ ಮೂಕವಾಗಿಸಬೇಕಿದ್ದರೆ ಟರ್ಮಿನಲ್‌ಗಳನ್ನು ಜೋಡಿಸುವುದರ ಜೊತೆಗೆ ತೂತಿಗೂ ಬಿಗಿಯಾಗಿ ಬಟ್ಟೆ ತುರುಕಬೇಕು.

ಎಷ್ಟು ದೊಡ್ಡ ಕಿಟಕಿ?

ಇನ್ನು ಅಳತೆಯ ಮಾತು. ಸದ್ದನ್ನು ಹೀರುವುದಕ್ಕೆ ಅಳತೆಗೋಲು ಕೊಟ್ಟವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೆಸ್ ಸಬೀನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ; ಆಡಿದ ಮಾತು ಐದೂವರೆ ಸೆಕೆಂಡು ಸುತ್ತಾಡುತ್ತಿತ್ತು. ಸಬೀನ್ ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು, ಎಷ್ಟು ದಿಂಬಿಗೆ ಮಾರ್ದನಿ ಎಷ್ಟು ತಗ್ಗುತ್ತದೆ ಎಂದು ಅಳೆದರು. ಕೊನೆಗೆ ಅಳತೆಯ ಮಾನವಾಗಿ ಆರಿಸಿದ್ದು ತೆರೆದ ಕಿಟಕಿಯನ್ನು. ಆಚೆ ಹೋದ ಸದ್ದು ಮರಳುವುದಿಲ್ಲವಾದ್ದರಿಂದ ಅದು ಪರಿಪೂರ್ಣ ಹೀರುಕ. ಯಾವುದೇ ವಸ್ತುವನ್ನು ‘ಇಷ್ಟು ಚದರ ಮೀಟರ್ ತೆರೆದ ಕಿಟಕಿಗೆ ಸಮ’ ಎಂದು ಹೇಳಬಹುದು.

ನಮ್ಮ ಮೂಕ ಸ್ಪೀಕರ್ ಎಷ್ಟು ದೊಡ್ಡ ಕಿಟಕಿ? ಧ್ವನಿವಿಜ್ಞಾನದ ಲೆಕ್ಕ ಇಲ್ಲಿ ಒಂದು ಅಚ್ಚರಿ ಕೊಡುತ್ತದೆ. ಅನುರಣಿಸುವ ವಸ್ತು ತನ್ನ ಮೈಯ ಅಳತೆಗಿಂತ ಎಷ್ಟೋ ದೊಡ್ಡ ಜಾಗದ ಸದ್ದನ್ನು ಸೆಳೆಯಬಲ್ಲದು. ಗೋಡೆಗೆ ಹೊಂದಿದ, ಎಲ್ಲ ರೀತಿಯಲ್ಲೂ ಆದರ್ಶವಾದ ಹೀರುಕವೊಂದು 50 ಹರ್ಟ್ಸ್‌ನಲ್ಲಿ ಸುಮಾರು ಏಳೂವರೆ ಚದರ ಮೀಟರಿನ ಕಿಟಕಿಗೆ ಸಮ, ಅದರ ಬಾಯಿ ಅಂಗೈಯಷ್ಟೇ ಇದ್ದರೂ. ಆದರೆ ಅದಕ್ಕೊಂದು ಕಟ್ಟುಪಾಡಿದೆ: ನುಂಗುವುದೂ ಉಗುಳುವುದೂ ಸರಿಸಮನಾಗಿರಬೇಕು. ಸ್ಪೀಕರ್ ಸೋಲುವುದು ಇಲ್ಲೇ. ಕೋನ್‌ಗೆ ಗಾಳಿಯ ಮೇಲಿನ ಹಿಡಿತ ತೀರ ಕಡಿಮೆ. ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲು ಸದ್ದಾದರೆ ಅದು ಒಳ್ಳೆಯ ಮನೆ ಸ್ಪೀಕರ್, ಉಳಿದದ್ದೆಲ್ಲ ಶಾಖ. ಗಾಳಿಗೆ ಕೊಡಲಾಗದವನು ಗಾಳಿಯಿಂದ ಕಸಿಯಲೂ ಆರ.

8 ಇಂಚಿನ ವೂಫರಿನ ಸಾಮಾನ್ಯ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿದರೆ, ಟರ್ಮಿನಲ್ ಬಿಡಿಯಾಗಿದ್ದಾಗ ತನ್ನ ನಿಜಶ್ರುತಿಯಲ್ಲಿ ಅದು ಸುಮಾರು 0.4 ಚದರ ಮೀಟರಿನ ಕಿಟಕಿ, ಎರಡಡಿ ಚೌಕಕ್ಕಿಂತ ತುಸು ಹೆಚ್ಚು. 5 ಇಂಚಿನದಾದರೆ ಒಂದಡಿ ಚೌಕ. ಶಾರ್ಟ್ ಮಾಡಿದರೆ? ಬ್ರೇಕು ಹತ್ತು ಪಟ್ಟಾದರೆ ಹೀರುವುದೂ ಹೆಚ್ಚಬೇಕು ಎಂದು ಯಾರಿಗೂ ಅನಿಸುತ್ತದೆ. ಆಗುವುದು ಉಲ್ಟಾ: ನಿಜಶ್ರುತಿಯಲ್ಲಿ ಹೀರುವುದು ಹತ್ತನೆಯ ಒಂದಕ್ಕೆ ಇಳಿಯುತ್ತದೆ. ತಿಕ್ಕಾಟ ಮೊದಲೇ ಉಗುಳುವುದಕ್ಕಿಂತ ನೂರು ಪಟ್ಟು ಹೆಚ್ಚಿತ್ತು. ಇನ್ನೂ ಹೆಚ್ಚಿಸಿದರೆ ಕೋನ್ ತೂಗುವುದನ್ನೇ ನಿಲ್ಲಿಸುತ್ತದೆ, ತೂಗದ ಕೋನ್ ಏನನ್ನು ನುಂಗೀತು?

ಈಗ ಈ ಕಿಟಕಿಯನ್ನು ನಮ್ಮ 12ಕ್ಕೆ 10ರ ಕೋಣೆಯಲ್ಲಿಡೋಣ. ಗಟ್ಟಿ ಗೋಡೆಯ ಆ ಕೋಣೆ ತನ್ನ ಬಾಗಿಲು, ಗಾಜು, ಸಂದಿಗಳಿಂದ ಬೇಸ್‌ನಲ್ಲಿ ಅಂದಾಜು ಮೂರರಿಂದ ಆರು ಚದರ ಮೀಟರಿನಷ್ಟು ಹೀರುತ್ತಿರುತ್ತದೆ. ಅದಕ್ಕೆ 0.4 ಸೇರಿದರೆ, ಅದೂ ಸ್ಪೀಕರಿನ ನಿಜಶ್ರುತಿ ಕೋಣೆಯ ಶ್ರುತಿಗೆ ಅದೃಷ್ಟವಶಾತ್ ಹೊಂದಿದರೆ, ಆ ಒಂದು ಸ್ವರ ಒಂದು ಡೆಸಿಬೆಲ್ ಆಸುಪಾಸು ತಗ್ಗಬಹುದು. ಮೂಲೆಯಲ್ಲಿಟ್ಟರೆ ಇನ್ನಷ್ಟು. ಮೈಕು, ಕಂಪ್ಯೂಟರು ಇದ್ದವರಿಗೆ ಅದು ಅಳತೆಗೆ ಸಿಗುತ್ತದೆ. ಹಾಡು ಕೇಳುತ್ತ ಕುಳಿತವರು ಗುರುತಿಸುವುದು ಕಷ್ಟ. ಅದೇ ಕೋಣೆಯ ಪ್ಲೈವುಡ್ ವಾರ್ಡ್‌ರೋಬಿನ ತೆಳು ಹಲಗೆ ಇದಕ್ಕಿಂತ ಹೆಚ್ಚು ಬೇಸ್ ನುಂಗುತ್ತಿರುತ್ತದೆ. ಅದನ್ನು ಹೊರಗಿಡಿ ಎಂದು ಯಾವ ಹೈಫೈ ಪಂಡಿತರೂ ಹೇಳಿದ್ದು ಕಾಣೆ.

ಅನುರಣಿಸುವ ಕೋನ್ ಹಾಡು ನಿಂತ ಮೇಲೂ ಗುನುಗುತ್ತ ಸಂಗೀತವನ್ನು ಕಲಸುತ್ತದೆ ಎಂಬ ಇನ್ನೊಂದು ಆರೋಪವಿದೆ. ಬಿಡಿಯಾದ 8 ಇಂಚಿನ ಕೋನ್‌ನ ಗುನುಗು ಕಾಲು ಸೆಕೆಂಡಿನೊಳಗೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗಟ್ಟಿ ಗೋಡೆಯ ಕೋಣೆ ತನ್ನ ಶ್ರುತಿಯನ್ನು ಅದರ ಹಲವು ಪಟ್ಟು ಹೊತ್ತು ಎಳೆಯುತ್ತಿರುತ್ತದೆ. ಕೋಣೆಯ ಗದ್ದಲದಲ್ಲಿ ಕೋನ್‌ನ ಪಿಸುಮಾತು ಕೇಳಿಸುವುದಿಲ್ಲ.

ಹಾಗಾದರೆ ಟೀಫೆನ್‌ಬ್ರನ್ ತಪ್ಪೇ? ಅಂಗಡಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಮೂವತ್ತು ನಲವತ್ತು ಸ್ಪೀಕರುಗಳು ಗೋಡೆಗೆ ಒತ್ತಾಗಿ, ಎಲ್ಲವೂ ಬಿಡಿಯಾಗಿ, ನಿಜಶ್ರುತಿಗಳು 40ರಿಂದ 80ರವರೆಗೆ ಹರಡಿ ಕುಳಿತಿದ್ದರೆ, ಅದು ಇಡೀ ಬೇಸ್ ಹರವಿಗೆ ಹಲವು ಚದರ ಮೀಟರ್ ಕಿಟಕಿ ತೆರೆದಂತೆ. ಅಲ್ಲಿ ಕೇಳಿದ ಬೇಸ್ ಮನೆಯಲ್ಲಿ ಸಿಗುವುದಿಲ್ಲ. ಅಂಗಡಿಯ ಬಗ್ಗೆ ಅವರ ಮಾತು ಸರಿ. ಟೆಲಿಫೋನಿನ ಬಗ್ಗೆ ಬರೀ ಹಾಸ್ಯ: ಅದರ ಬಿಲ್ಲೆ ತೀರ ಪುಟ್ಟದು, ಅದರ ನಿಜಶ್ರುತಿ ಬೇಸ್‌ಗಿಂತ ಎಷ್ಟೋ ಮೇಲೆ.

ಬೇಕೆಂದೇ ಮೂಕವಾದವು

ಇದನ್ನು ತೊಂದರೆಯೆಂದು ನೋಡದೆ ಉಪಾಯವಾಗಿಸಿಕೊಂಡವರೂ ಇದ್ದಾರೆ. 1953ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ಮತ್ತು ಎವರೆಟ್ ಮೇ ಒಂದು ಸ್ಪೀಕರಿನ ಎದುರು ಮೈಕಿಟ್ಟು, ಅಲ್ಲಿ ಒತ್ತಡ ಏರಿದರೆ ಕೋನ್ ಹಿಂದೆ ಸರಿಯುವಂತೆ ಆಂಪ್ಲಿಫೈಯರನ್ನು ಜೋಡಿಸಿ, ಸದ್ದು ಹೀರುವ ಯಂತ್ರವನ್ನೇ ಮಾಡಿ ತೋರಿಸಿದರು. ಕೋನ್‌ಗೆ ಗಾಳಿಯ ಮೇಲೆ ಹಿಡಿತವಿಲ್ಲ ಎಂಬ ಕೊರತೆಯನ್ನು ಅಲ್ಲಿ ಕರೆಂಟು ತುಂಬಿಕೊಟ್ಟಿತು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎರ್ವೆ ಲಿಸೆಕ್ ಅವರ ತಂಡ ಸ್ಪೀಕರಿನ ಎರಡು ಟರ್ಮಿನಲ್‌ಗಳ ನಡುವೆ ಬಗೆಬಗೆಯ ಸರ್ಕಿಟ್‌ಗಳನ್ನು ಕೂಡಿಸಿ, ಕೋನ್ ಯಾವ ಸ್ವರವನ್ನು ಎಷ್ಟು ನುಂಗಬೇಕೆಂದು ಹೊಂದಿಸುವ ದಾರಿ ಹುಡುಕಿದೆ. ಮೇಲೆ ಹೇಳಿದ ತುಂಡು ತಂತಿಯ ಪ್ರಯೋಗದ ವಿದ್ಯಾವಂತ ರೂಪ ಅದು.

ಮನೆಯಲ್ಲಿ ಬೇಸ್ ಸರಿಯಿಲ್ಲ ಎಂದು ಕೊರಗುವವರು ಮೂಲೆಯ ಹಳೆಯ ಸ್ಪೀಕರಿನ ಮೇಲೆ ಅನುಮಾನ ಪಡುವ ಮೊದಲು ತಾವು ಕುಳಿತ ಕುರ್ಚಿಯನ್ನು ಹಿಂದಿನ ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಎಳೆದು ನೋಡಿ. ನಿಂತ ಅಲೆಯ ಉಬ್ಬಿನಿಂದ ತಗ್ಗಿನ ಕಡೆಗೆ ಸರಿದರೆ ಒಂದು ಸ್ವರ ಹತ್ತು ಡೆಸಿಬೆಲ್ ಬದಲಾಗುವುದೂ ಉಂಟು. ಖರ್ಚಿಲ್ಲ, ಹಳೆಯ ಸ್ಪೀಕರನ್ನು ಗುಜರಿಗೆ ಹಾಕುವ ಅವಸರವೂ ಇಲ್ಲ.